ಅಂಗೈಯ ನೂರಾ ಹದಿನೇಳು

“ಪೆನ್ನೂ ಇಲ್ಲೇ ಇಡ್ರಿ ಕಾಕಾ.”

ಕಾವಲುಗಾರ ಕಲ್ಲಯ್ಯ ಪ್ಲಾಸ್ಟಿಕ್ ಬುಟ್ಟಿಯನ್ನು ಮುಂದೆ ಸರಿಸಿದ. ತವನಪ್ಪನವರ ಮೊಬೈಲು, ಸಣ್ಣ ಡೈರಿ, ಜೇಬಿನ ಮೂಲೆಯಲ್ಲಿ ಮುದುಡಿದ್ದ ಬಸ್ ಟಿಕೀಟು ಆಗಲೇ ಅದರಲ್ಲಿ ಬಿದ್ದಿದ್ದವು.

“ಟಿಕೀಟ ಸೈತ ಬ್ಯಾಡೇನೊ?”

“ಕಾಗದ ಅಂದ್ರ ಕಾಗದರಿ. ಒಳಗ ಒಂದು ತುಣುಕು ಹೋಗಂಗಿಲ್ಲ, ಹೊರಗ ಒಂದು ತುಣುಕು ಬರಂಗಿಲ್ಲ. ಅಮೆರಿಕಾದವ್ರ ಕಾನೂನು.”

ತವನಪ್ಪ ಪೆನ್ನನ್ನು ಬುಟ್ಟಿಗೆ ಹಾಕಿದರು. ಐದು ದಿನದಿಂದ ತಲೆ ತಿನ್ನುತ್ತಿದ್ದ ಒಂದು ಪ್ರಶ್ನೆಗೆ ಅಲ್ಲಿಯೇ, ಆ ಬುಟ್ಟಿಯ ಮುಂದೆಯೇ ಉತ್ತರ ಸಿಕ್ಕಿತು. ಸೋಮವಾರ ಮಧ್ಯಾಹ್ನ ಈ ಆಫೀಸಿನ ಮಾಳಿಗೆ ಮೇಲಿನ ಗಚ್ಚಿಯಿಂದ ಬಿದ್ದು ಸತ್ತ, ಇಲ್ಲೇ ಕೆಲಸಕ್ಕಿದ್ದ ಇಪ್ಪತ್ತೆರಡರ ಹುಡುಗಿ ಕಾಜಲ್‌ಳ ಅಂಗೈ ಮೇಲೆ ‘117’ ಎಂದು ಬರೆದಿತ್ತು. ಅದನ್ನು ಬರೆದದ್ದು ಕಣ್ಣಿಗೆ ಹಚ್ಚುವ ಕಾಡಿಗೆ ಕಡ್ಡಿಯಿಂದ. ಪೊಲೀಸರು ಯಾವುದೋ ಬಸ್ ನಂಬರು ಎಂದುಕೊಂಡು, ಆತ್ಮಹತ್ಯೆ ಎಂದು ಬರೆದು ಕೈತೊಳೆದುಕೊಂಡಿದ್ದರು.

ಪೆನ್ನಿಲ್ಲದ, ಕಾಗದವಿಲ್ಲದ ಆಫೀಸಿನಲ್ಲಿ ಹುಡುಗಿ ಇನ್ನೆಲ್ಲಿ ಬರೆಯಬೇಕು?

ಹಿಂತಿರುಗಿ ನೋಡಿದರು. ಗೇಟಿನಾಚೆ ಬೇವಿನ ನೆರಳಲ್ಲಿ ಕಾಜಲ್‌ಳ ತಾಯಿ ಸಾತವ್ವ ಮೊಣಕಾಲು ಮಡಚಿ ಕೂತಿದ್ದಳು. ಎರಡು ಬೆರಳಿಲ್ಲದ ಎಡಗೈಯಿಂದ ಎದೆಯನ್ನು ಒತ್ತಿ ಹಿಡಿದು ಕೆಮ್ಮುತ್ತಿದ್ದಳು. ಆ ಬೆರಳುಗಳು ಹಿಂದೊಮ್ಮೆ ಮ್ಹೈಸಾಳದಲ್ಲಿ ಮೇವು ಕತ್ತರಿಸುವ ಯಂತ್ರದ ಪಾಲಾಗಿದ್ದವು.

“ಮಗಳ ಡಬ್ಬಿ ಅಷ್ಟ ತೊಗೊಂಡು ಬರ್ರಿ ಅಣ್ಣಾರ,” ಎಂದಿದ್ದಳು. “ಮತ್ತೇನೂ ಬ್ಯಾಡ ನನಗ.”

ಆ ಡಬ್ಬಿಯ ನೆವದ ಮೇಲೆಯೇ ತವನಪ್ಪ ಇವತ್ತು ಒಳಗೆ ಬಂದದ್ದು. ಸಾಂಗಲಿಯ ತಾರ್ ಆಫೀಸಿನಲ್ಲಿ ಮೂವತ್ತನಾಲ್ಕು ವರ್ಷ ತಂತಿ ಯಂತ್ರವನ್ನು ಕಟ್ಟಕಡ ಕುಟ್ಟಿ, ತಾರೇ ಬೇಡವಾದ ಕಾಲಕ್ಕೆ ಸ್ವಂತ ಖುಷಿಯಿಂದೆಂದು ಬರೆದುಕೊಟ್ಟು ನಿವೃತ್ತರಾಗಿದ್ದ ಅವರಿಗೆ, ಊರವರ ಕಳೆದುಹೋದ ಮಕ್ಕಳನ್ನೂ ಹೆಸರಿಲ್ಲದ ಪತ್ರಗಳನ್ನೂ ಹುಡುಕಿಕೊಡುವುದು ಈಗಿನ ಉದ್ಯೋಗವಾಗಿತ್ತು. ಕವಲಾಪುರದ ಹೊಲ ಅಣ್ಣನ ಪಾಲಿಗೆ ಬಿಟ್ಟಾಗಿತ್ತು.

ಕಲ್ಲಯ್ಯ ಬಿಳಿಯ ಕಾರ್ಡೊಂದನ್ನು ಅವರ ಕೊರಳಿಗೆ ಹಾಕಿದ.

“ಹೋಗಾಕೂ ಇದ, ಬರಾಕೂ ಇದರಿ. ಕಳಕೋಬ್ಯಾಡ್ರಿ.”

ಬಾಗಿಲು ಕೂಯ್ ಎಂದು ತೆರೆದು, ಅವರ ಬೆನ್ನ ಹಿಂದೆ ತಾನೇ ಮುಚ್ಚಿಕೊಂಡಿತು.

ಸಾಂಗಲಿ-ಮಿರಜ ರಸ್ತೆಯ ಈ ಗಾಜಿನ ಕಟ್ಟಡದ ಜಾಗದಲ್ಲಿ ಮೊದಲು ಶೇಂಗಾ ಎಣ್ಣೆಯ ಗಿರಣಿಯಿತ್ತು. ಇಂಡಿ, ಚಡಚಣದ ಕಡೆಯಿಂದ ಬಂದವರು ಅಲ್ಲಿ ಹಮಾಲಿ ಮಾಡಿಕೊಂಡು, ಗಿರಣಿಯ ಬೆನ್ನಿಗೇ ತಗಡಿನ ಮನೆ ಹಾಕಿಕೊಂಡರು. ಕಾಜಲ್‌ಳ ಅಪ್ಪ ಶಿದ್ರಾಮ ಅದೇ ಗಿರಣಿಯಲ್ಲಿ ಚೀಲ ಹೊತ್ತು ಬೆನ್ನು ಬಾಗಿಸಿಕೊಂಡು ಸತ್ತವನು. ಗಿರಣಿ ಹೋಗಿ ಗಾಜು ಬಂದಾಗ ಆ ತಗಡಿನ ಮನೆಗಳ ಬಸ್ತಿಯಿಂದ ನಲ್ಲಿಗೆ ಹೋಗುವ ದಾರಿಗೆ ಹತ್ತಡಿ ಗೋಡೆ ಅಡ್ಡ ಎದ್ದಿತು. ಬಸ್ತಿಗೆ ದಿನವೂ ಮಧ್ಯಾಹ್ನ ಎರಡಕ್ಕೆ ಕರೆಂಟು ಹೋಗುತ್ತದೆ. ಗಾಜಿನ ಆಫೀಸಿಗೆ ಬೇರೆಯೇ ಲೈನು; ಅದು ಹೋಗುವುದೇ ಇಲ್ಲ.

ಆ ಬಸ್ತಿಯಿಂದ ಗೋಡೆಯ ಈಚೆಗೆ ಕೆಲಸಕ್ಕೆ ಬಂದ ಮೊದಲನೆಯವಳು ಕಾಜಲ್.

ಎರಡನೆಯ ಅಂತಸ್ತಿನ ಹಾಲ್‌ನಲ್ಲಿ ಅರವತ್ತು ತಲೆಗಳು ಬಾಗಿದ್ದವು. ಅರವತ್ತರ ಕಿವಿಗೂ ಹೆಡ್‌ಫೋನು. ಅಮೆರಿಕದ ಡಾಕ್ಟರರು ರೋಗಿಯನ್ನು ನೋಡಿ ಬಾಯಲ್ಲಿ ಹೇಳಿ ಮಲಗುತ್ತಾರೆ. ಅವರು ಏಳುವಷ್ಟರಲ್ಲಿ ಮಿರಜದ ಹುಡುಗ ಹುಡುಗಿಯರು ಅದನ್ನೆಲ್ಲ ಕೇಳಿ, ಟೈಪು ಮಾಡಿ ಕಳಿಸಿರಬೇಕು. ಯಾರೂ ತಲೆ ಎತ್ತಲಿಲ್ಲ. ಕಿಟಕಿಗಳಿದ್ದವು, ಆದರೆ ಯಾವುದಕ್ಕೂ ಚಿಲಕವಿರಲಿಲ್ಲ.

ಕಾಜಲ್‌ಳ ಪಕ್ಕದ ಕುರ್ಚಿಯ ಸ್ವಪ್ನಾಲಿ ಕೀಲಿಕೈ ಹಿಡಿದು ಎದ್ದು ಬಂದಳು. ಬುಧಗಾಂವದಿಂದ ದಿನಾ ಬಸ್ಸಿಗೆ ಬರುವ ಹುಡುಗಿ. ಮನೆಯಲ್ಲಿ ಅಜ್ಜಿಯ ಕನ್ನಡ, ಬಾಯಲ್ಲಿ ಹೆಚ್ಚಾಗಿ ಮರಾಠಿ. ಊಟದ ಕೋಣೆಯ ಗೋಡೆಗಿದ್ದ ಕಬ್ಬಿಣದ ಖಾನೆಯೊಂದನ್ನು ತೆರೆದಳು.

“ಇಷ್ಟ ಅದ ನೋಡ್ರಿ ಕಾಕಾ.”

ಒಂದು ಓಢಣಿ, ಒಂದು ಬಾಚಣಿಗೆ, ಎರಡು ಅಂತಸ್ತಿನ ಸ್ಟೀಲ್ ಡಬ್ಬಿ. ತವನಪ್ಪ ಡಬ್ಬಿಯನ್ನು ಎತ್ತಿದರು. ಅದು ಭಾರವಾಗಿತ್ತು. ಮುಚ್ಚಳ ತೆಗೆದರೆ ಹಸಿರು ಬೂಸಲು ಹಿಡಿದ ಎರಡು ಜೋಳದ ರೊಟ್ಟಿ, ಕೆಳಗೆ ಝುಣಕ. ಯಾರೂ ಮುರಿದಿರಲಿಲ್ಲ.

ಸ್ವಪ್ನಾಲಿ ಮುಖ ತಿರುಗಿಸಿದಳು.

“ಈ ಕೂಸು ಉಂಡ ಇಲ್ಲಲ್ಲವಾ,” ಎಂದರು ತವನಪ್ಪ ಮೆಲ್ಲಗೆ.

“ಊಟದ ಬೆಲ್ ಆಗಿರಲೇ ಇಲ್ಲ ಕಾಕಾ.”

“ಆಗಿರಲಿಲ್ಲ? ನಿಮ್ಮ ಆಫೀಸಿನವ್ರು ಪೊಲೀಸರಿಗೆ ಬರದು ಕೊಟ್ಟಾರ. ಒಂದೂವರಿಗೆ ಊಟದ ಸುಟ್ಟಿ, ಉಂಡು ಮ್ಯಾಲೆ ಹೋದಳು, ಎರಡಕ್ಕ ಬಿದ್ದಳು ಅಂತ.”

“ಒಂದೂವರಿ ಪಹಿಲೆ ಇತ್ತು. ಸೋಮವಾರದಿಂದ ಎರಡೂವರಿ.” ಹುಡುಗಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. “ಬೆಲ್ ನಾವು ಹೊಡ್ಯಂಗಿಲ್ಲ ಕಾಕಾ. ಅಮೆರಿಕಾದ ಘಡ್ಯಾಳದ ಮ್ಯಾಲ ತಾನ ಹೊಡೀತದ. ಅಲ್ಲೆ ಬೆಳಗಿನ ನಾಕು ಆದ್ರ ನಮಗ ಊಟ. ಥಂಡಿ ಸುರು ಆತಂದ್ರ ಆ ಮಂದಿ ಎಲ್ಲಾರೂ ಘಡ್ಯಾಳ ಒಂದು ತಾಸು ಹಿಂದ ತಿರಗಸ್ತಾರಂತ. ಈ ರವಿವಾರ ತಿರಗಿಸ್ಯಾರ. ಸೋಮವಾರ ನಾವೆಲ್ಲಾ ಹಸದು ಹಸದು ಕುಂತಿದ್ವಿ.”

ತವನಪ್ಪ ಡಬ್ಬಿಯನ್ನು ಮುಚ್ಚಿದರು. ಮುಚ್ಚಳದ ಮೇಲೆ ಅವರ ಬೆರಳು ಹಾಗೇ ನಿಂತವು.

ಬಿದ್ದದ್ದು ಎರಡು ಗಂಟೆಗೆ ಎಂಬ ಬಗ್ಗೆ ಅನುಮಾನವಿರಲಿಲ್ಲ. ಎರಡಕ್ಕೆ ಬಸ್ತಿಯ ಕರೆಂಟು ಹೋಗಿ, ಫ್ಯಾನು ನಿಂತು, ಸೆಕೆಗೆ ಜನ ಹೊರಗೆ ಬಂದ ಘಳಿಗೆಯಲ್ಲೇ ಗೋಡೆಯ ಆಚೆ ಧೊಪ್ಪೆಂದು ಬಿದ್ದ ಸದ್ದನ್ನು ಇಪ್ಪತ್ತು ಮಂದಿ ಕೇಳಿದ್ದರು. ಆ ಹೊತ್ತಿಗೆ ತಾನು ಕಂಪ್ಯೂಟರ್ ಬಿಟ್ಟು ಎದ್ದೇ ಇರಲಿಲ್ಲ ಎಂದು ಸಾಬೀತು ಮಾಡಿದವನು ಒಬ್ಬನೇ ಇದ್ದ. ಒಂದು ಇಪ್ಪತ್ತರಿಂದ ಎರಡು ಇಪ್ಪತ್ತರವರೆಗೆ ಅವನ ಬೆರಳು ಕೀಲಿಮಣೆಯ ಮೇಲೆಯೇ ಇತ್ತೆಂದು ಅವನು ಪೊಲೀಸರಿಗೆ ಕೊಟ್ಟ, ಠಾಣೆಯಲ್ಲಿ ತವನಪ್ಪ ಕಣ್ಣಾರೆ ನೋಡಿದ ಯಂತ್ರದ ದಾಖಲೆ ಹೇಳಿತ್ತು. ಅದರ ಅಂಚಿಗೆ ಅಮೆರಿಕದ ವೇಳೆಯೂ ಇತ್ತು.

ಅವನೇ ಇಲ್ಲಿಯ ಮ್ಯಾನೇಜರು ಮಯೂರ. ತವನಪ್ಪನವರ ಹಳೆಯ ಗೆಳೆಯ ಆದಪ್ಪನ ಮಗ.

“ಕಾಕಾ, ತುಮ್ಹಿ… ನೀವು ಇಲ್ಲೆ?”

ಊಟದ ಕೋಣೆಯ ಬಾಗಿಲಲ್ಲಿ ಮಯೂರ ನಿಂತಿದ್ದ. ಸ್ವಪ್ನಾಲಿ ಕೀಲಿಕೈಯನ್ನು ಮೇಜಿನ ಮೇಲಿಟ್ಟು ಸರಸರನೆ ತನ್ನ ಕುರ್ಚಿಗೆ ಹೋದಳು.

“ನಿನ್ನ ಕೂಡನ ಮಾತಾಡಬೇಕಾಗಿತ್ತು ಮಯೂರ.”

“ಇಲ್ಲೆ ನಕೋ. ಬರ್ರಿ.”

ಅವನು ಕರೆದೊಯ್ದದ್ದು ಮೂಲೆಯ ಒಂದು ಕೋಣೆಗೆ. ಕಿಟಕಿಯಿಲ್ಲ. ಎರಡೂ ಗೋಡೆಗೆ ಆಳೆತ್ತರದ ಕರಿಯ ಕಪಾಟುಗಳು, ಅವುಗಳಲ್ಲಿ ಮಿಣಿಮಿಣಿ ಹಸಿರು ದೀಪಗಳು, ಹಲ್ಲು ಕಟಕಟಿಸುವ ಎಸಿ. ಇಡೀ ಆಫೀಸಿನ ಕಂಪ್ಯೂಟರುಗಳನ್ನು ಹೊರದೇಶಕ್ಕೆ ಜೋಡಿಸುವ ಯಂತ್ರಗಳು ಅಲ್ಲಿದ್ದವು. ದಪ್ಪನೆಯ ಬಾಗಿಲು ಹಿಂದೆ ಮುಚ್ಚಿದಾಗ ಕಿವಿ ಗಪ್ಪೆಂದವು. ಯಾರಾದರೂ ಕೂಗಿದರೆ ಹೊರಗೆ ಕೇಳಿಸಲಾರದು ಎಂಬ ಯೋಚನೆ ತವನಪ್ಪನವರ ಮನಸ್ಸಿಗೆ ಬಂದು ಹೋಯಿತು.

ಅವರು ಕೂರಲಿಲ್ಲ.

“ಸೋಮವಾರ ಎರಡಕ್ಕ ಎಲ್ಲಿದ್ದಿ?”

“ಪೊಲೀಸರಿಗೆ ಎಲ್ಲಾ ಪ್ರೂಫ್ ಕೊಟ್ಟೇನಿ ಕಾಕಾ. ಕಂಪ್ಯೂಟರ್ ಖೋಟಿ ಹೇಳಂಗಿಲ್ಲ.”

“ಕಂಪ್ಯೂಟರ್ ಹೇಳಿಲ್ಲ. ಖೋಟಿ ಹೇಳಿದಾಂವ ನೀ.”

ಮಯೂರ ನಕ್ಕ. ನಗು ಅರ್ಧಕ್ಕೇ ನಿಂತಿತು.

“ಆ ದಾಖಲಿಯೊಳಗ ಇದ್ದದ್ದು ಅಮೆರಿಕಾದ ವ್ಯಾಳ್ಯಾ. ಮೂರು ಐವತ್ತರಿಂದ ನಾಕು ಐವತ್ತು. ನೀ ಅದಕ್ಕ ಒಂಬತ್ತೂವರಿ ತಾಸು ಕೂಡಿಸಿ ಪೊಲೀಸರಿಗೆ ಕೊಟ್ಟಿ. ಬ್ಯಾಸಗಿಯೊಳಗ ಆ ಲೆಕ್ಕ ಬರೋಬ್ಬರಿ. ರವಿವಾರ ಅವರು ಘಡ್ಯಾಳ ತಿರಗಿಸಿದ ಮ್ಯಾಲೆ ಹತ್ತೂವರಿ ಕೂಡಿಸಬೇಕು.” ತವನಪ್ಪ ಒಂದು ಹೆಜ್ಜೆ ಮುಂದೆ ಬಂದರು. “ಅಂದ್ರ ನೀ ಕಂಪ್ಯೂಟರ್ ಮುಂದ ಕುಂತದ್ದು ಎರಡು ಇಪ್ಪತ್ತಕ್ಕ. ಹುಡುಗಿ ಬಿದ್ದು ಇಪ್ಪತ್ತು ಮಿನಿಟ್ ಆಗಿತ್ತು. ಅದಕ್ಕೂ ಮೊದಲ ಎಲ್ಲಿದ್ದಿ?”

ಯಂತ್ರಗಳು ಗುಂಯ್ ಎನ್ನುತ್ತಿದ್ದವು.

“ನಿಮ್ಮಪ್ಪ ನಾನು ಒಂದ ಮೇಜಿಗೆ ಇಪ್ಪತ್ತು ವರ್ಷ ಕುಂತೇವಿ. ವ್ಯಾಳ್ಯಾ ತಪ್ಪು ಬಿದ್ದ ತಾರ್ ಅಂವ ಎಂದೂ ಕಳಿಸಿಲ್ಲ. ಅವನ ಮಗ ನೀ ಬೇಕಂತ ತಪ್ಪಿಸಿದಿ.”

ಮಯೂರ ಕುರ್ಚಿಯನ್ನು ಹುಡುಕಿ ಕೂತ. ಮೂವತ್ತೊಂದರ ಗಂಡಸು, ತೋಳಿಲ್ಲದ ಸ್ವೆಟರಿನಲ್ಲಿ ಒಮ್ಮೆಲೇ ಶಾಲೆಯ ಹುಡುಗನ ಹಾಗೆ ಕಂಡ.

“ನಾ ಆಕಿನ್ನ ದೂಡಿಲ್ಲ ಕಾಕಾ. ಮಹಾವೀರನ ಆಣಿ.”

“ದೇವರು ಆಮ್ಯಾಲೆ. ಮೊದಲ ನೂರಾ ಹದಿನೇಳು ಅಂದ್ರೇನು ಹೇಳು.”

ಅವನು ಹೇಳತೊಡಗಿದ; ಮಾತುಗಳು ಮರಾಠಿ, ಕನ್ನಡ ಎರಡೂ ಕಲೆತು ಒಂದರ ಬೆನ್ನಿಗೆ ಒಂದು ಬರತೊಡಗಿದವು.

ಒಂದು ವರ್ಷದಿಂದ ಬಸ್ತಿಯಲ್ಲಿ ಪುಕ್ಕಟೆ ಔಷಧದ ಕ್ಯಾಂಪು ನಡೆದಿತ್ತು. ಕೆಮ್ಮಿಗೆ, ದಮ್ಮಿಗೆ ಗುಳಿಗೆ ಕೊಡುತ್ತಿದ್ದರು. ಬಿಳಿಯ ಗಾಡಿಯಲ್ಲಿ ಬರುತ್ತಿದ್ದರು, ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದರು. ಅದು ಇನ್ನೂ ಎಲ್ಲೂ ಮಾರಾಟಕ್ಕೆ ಬರದ ಗುಳಿಗೆ. ಅದನ್ನು ತಿಂದವರಿಗೆ ಏನಾಗುತ್ತದೆಂದು ನೋಡುವುದೇ ಕ್ಯಾಂಪಿನ ಕೆಲಸ. ನೋಡಿದ್ದು ಅಮೆರಿಕಕ್ಕೆ ಹೋಗುತ್ತಿತ್ತು. ಅಲ್ಲಿಯ ಡಾಕ್ಟರನೊಬ್ಬ ಹೆಸರು ಬಿಟ್ಟು, ನಂಬರು ಹಾಕಿ, ಬಾಯಲ್ಲಿ ವರದಿ ಹೇಳುತ್ತಿದ್ದ. ಆ ದನಿ ಟೈಪಿಂಗಿಗೆಂದು ಮತ್ತೆ ಹಿಂದೂಸ್ತಾನಕ್ಕೇ ಬರುತ್ತಿತ್ತು. ಯಾಕೆಂದರೆ ಅಗ್ಗದ ಕೈಗಳಿದ್ದದ್ದು ಇಲ್ಲಿಯೇ.

“ಖರೆ, ಮಿರಜಕ್ಕ ಬರತಿದ್ದಿಲ್ಲ. ಆ ಫೈಲ್ ಬ್ಯಾರೆ ಊರಿನ ಸೆಂಟರಿಗೆ ಹೋಗಬೇಕಂತ ಸಿಸ್ಟಮ್ಮಿನ್ಯಾಗ ಹಾಕಿತ್ತು. ಘಡ್ಯಾಳ ತಿರಗಿದ ದಿನ ಒಂದು ತಾಸಿನ ಫೈಲ್ ದಿಕ್ಕು ತಪ್ಪಿ ಇಲ್ಲೆ ಬಂದವು. ಅದರಾಗ ಒಂದು ಕಾಜಲ್‌ಗ ಬಂತು.”

“ಏನಿತ್ತು ಅದರಾಗ?”

“ನಂಬರ್ ನೂರಾ ಹದಿನೇಳು. ಹೆಣ್ಣಮಗಳು, ವಯಾ ನಲವತ್ತೆಂಟು. ಒಣ ಕೆಮ್ಮು, ಕಾಲಿಗೆ ಬಾವು. ಎಡಗೈಯ ಎರಡು ಬೆರಳು ಇಲ್ಲ.” ಮಯೂರ ತಲೆ ತಗ್ಗಿಸಿದ. “ಗುಳಿಗಿಯಿಂದ ಹೃದಯ ದೊಡ್ಡದಾಗೇದ, ಆದರೂ ಗುಳಿಗಿ ಚಾಲೂ ಇಡ್ರಿ ಅಂತ ಇತ್ತು.”

ತವನಪ್ಪ ಗೋಡೆಗೆ ಕೈ ಊರಿದರು. ಏಳು ಸಮುದ್ರದಾಚೆಯ ಒಬ್ಬ ಅಪರಿಚಿತನ ಬಾಯಲ್ಲಿ ಆ ಹುಡುಗಿ ತನ್ನ ತಾಯಿಯನ್ನು ಕೇಳಿಸಿಕೊಂಡಿದ್ದಳು. ಆ ತಾಯಿ ಇನ್ನೂರು ಹೆಜ್ಜೆಯಾಚೆ, ಗೋಡೆಯ ಹಿಂದೆ, ಗುಳಿಗೆ ನುಂಗುತ್ತ ಕೂತಿದ್ದಳು.

“ಆಕಿ ನನ್ನ ಕಡೆ ಬಂದಳು. ‘ಸರ್, ಹತ್ತು ಮಿನಿಟ್ ಬಿಡ್ರಿ, ಅವ್ವಗ ಹೇಳಿ ಬರತೀನಿ’ ಅಂದಳು. ನಾ ಬಿಡಲಿಲ್ಲ. ಡ್ಯೂಟಿಯೊಳಗ ಕಾರ್ಡ್ ಚಾಲೂ ಮಾಡಿದ್ರ ಮ್ಯಾಲಿನವ್ರಿಗೆ ಗೊತ್ತಾಗತದ. ಫೋನ್ ಇಲ್ಲ, ಕಾಗದ ಇಲ್ಲ. ಆಕಿ ಗಚ್ಚಿಗೆ ಓಡಿದಳು. ಅಲ್ಲಿಂದ ಬಸ್ತಿ ಕಾಣತದ. ‘ಅವ್ವಾ, ಗುಳಿಗಿ ತೊಗೋಬ್ಯಾಡ’ ಅಂತ ಒದರಿದಳು. ಗಚ್ಚಿ ಮ್ಯಾಲೆ ಹದಿನಾರು ಎಸಿ ಮಷಿನ್ ಅವ ಕಾಕಾ. ಯಾರಿಗೆ ಕೇಳಸ್ತದ?”

“ನೀ ಎಲ್ಲಿದ್ದಿ?”

“ಗಚ್ಚಿ ಬಾಗಲದ ಒಳಗ.”

“ತಗೀಲಿಲ್ಲ ಯಾಕ?”

“ನನ್ನ ಕಾರ್ಡ್‌ಗೂ ತಗೀಲಿಲ್ಲ!” ಮಯೂರನ ದನಿ ಒಡೆಯಿತು. “ಆಕಿ ಹೊರಗ ಹೋದ ಕೂಡಲೆ ಯಾರೋ ಬಾಗಲ ಬಂದ್ ಮಾಡ್ಯಾರ. ನೆಟ್ ಮ್ಯಾಲಿಂದ. ಆಕಿ ಬಡೀತಿದ್ದಳು. ‘ಸರ್, ತಗೀರಿ ಸರ್’ ಅಂತ. ನಾ ಹತ್ತು ಮಿನಿಟ್ ನಿಂತೆ. ಆಮ್ಯಾಲೆ ಬಡಿಯೂದು ನಿಂತಿತು. ಪೈಪ್ ಹಿಡದು ಬಸ್ತಿ ಕಡೆ ಇಳಿಯಾಕ ಹೋಗ್ಯಾಳ ಅಂತ ನನಗ…”

“ಗೊತ್ತಾಗಿತ್ತು.”

“ಹೌದು.”

“ಮತ್ತ ನೀ ಕೆಳಗ ಬಂದು ನಿನ್ನ ಕುರ್ಚಿಯೊಳಗ ಕುಂತಿ.”

ಮಯೂರ ಕೈಯೊಳಗೆ ಮುಖವಿಟ್ಟುಕೊಂಡಿದ್ದ.

ಅವನಿಗೆ ಹೊಡೆಯಬೇಕೆನ್ನಿಸಿತು ತವನಪ್ಪನವರಿಗೆ. ಆದಪ್ಪ ಬದುಕಿದ್ದರೆ ಹೊಡೆಯುತ್ತಿದ್ದ. ಎತ್ತಿದ ಕೈಯಿಂದ ಅವರು ತಮ್ಮ ಹಣೆಯನ್ನೇ ಒರೆಸಿಕೊಂಡರು.

“ಬಾಗಲ ಬಂದ್ ಮಾಡಿದಾಂವ ಯಾವಾಂವ?”

“‘ಅಡ್ಮಿನ್ ಎರಡು’ ಅಂತ ಹೆಸರು ಬರತದ. ಅಷ್ಟ ನನಗ ಗೊತ್ತು. ನ್ಯೂ ಜರ್ಸಿಯೊಳಗ ಇರಬಹುದು, ಸಿಂಗಾಪುರದಾಗ ಇರಬಹುದು, ಮಿರಜದಾಗ ಇರಬಹುದು. ನೆಟ್‌ನ್ಯಾಗ ಎಲ್ಲಾ ಊರೂ ಒಂದ ಕಾಕಾ.”

“ಒಂದ ಅಲ್ಲ. ಇದ್ದಿದ್ರ ಆಕಿ ಕೂಗಿದ್ದು ಕೇಳತಿತ್ತು.” ತವನಪ್ಪ ಡಬ್ಬಿಯನ್ನು ಬಗಲಲ್ಲಿ ಇರುಕಿಕೊಂಡರು. “ಏಳು. ಇದನ್ನೆಲ್ಲಾ ಪೊಲೀಸರ ಮುಂದ ಹೇಳಬೇಕು. ಈಗ.”

ಅವನು ಎದ್ದ. ಬಸವಳಿದವನ ಹಾಗೆ, ಆದರೆ ಏನೋ ಒಂದು ಹೊರೆ ಇಳಿಸಿದವನ ಹಾಗೂ ಕಂಡ.

ತವನಪ್ಪ ಬಿಳಿಯ ಕಾರ್ಡನ್ನು ಬಾಗಿಲ ಪಕ್ಕದ ಪೆಟ್ಟಿಗೆಗೆ ಹಿಡಿದರು. ಕೆಂಪು ದೀಪ.

ಇನ್ನೊಮ್ಮೆ ಹಿಡಿದರು. ಕೆಂಪು.

“ನಂದು ತೊಗೋರಿ,” ಎಂದು ಮಯೂರ ತನ್ನ ಕಾರ್ಡನ್ನು ಮುಂದೆ ಚಾಚಿದ. ಮ್ಯಾನೇಜರನ ಕಾರ್ಡು, ಈ ಕಟ್ಟಡದಲ್ಲಿ ಅದಕ್ಕೆ ತೆರೆಯದ ಬಾಗಿಲು ಒಂದೋ ಎರಡೋ.

ಕೆಂಪು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಇಷ್ಟು ಹೊತ್ತೂ ತಾನು ಸೆರೆಮನೆಯ ಕಾವಲುಗಾರನ ಎದುರು ನಿಂತಿದ್ದೇನೆಂದುಕೊಂಡಿದ್ದ ತವನಪ್ಪನವರಿಗೆ, ಇವನೂ ತನ್ನಂಥದೇ ಒಬ್ಬ ಕೈದಿ ಎಂಬುದು ಆಗ ಹೊಳೆಯಿತು. ಮಯೂರ ಬಾಗಿಲಿಗೆ ಭುಜ ಕೊಟ್ಟು ದಬ್ಬಿದ. ಕಬ್ಬಿಣ ಅಲುಗಲಿಲ್ಲ.

“ಅವ್ರು ಕೇಳಸ್ಕೊಳ್ಳಾಕತ್ತಾರ,” ಎಂದ ಪಿಸುಗುಟ್ಟುತ್ತ. “ಇಲ್ಲೆ ಕ್ಯಾಮೆರಾ ಅದ ಕಾಕಾ. ನಾ ಮರತಿದ್ದೆ.”

ಅಷ್ಟರಲ್ಲಿ ಮೂಲೆಯ ಪರದೆ ತಾನೇ ಬೆಳಗಿತು. ಹೊಸ ಫೈಲೊಂದು ಬಂದ ಗುರುತು. ಮಯೂರ ಬಗ್ಗಿ ನೋಡಿದವನು ಹಾಗೇ ನಿಂತುಬಿಟ್ಟ.

“ಏನದು?”

“ನೂರಾ ಹದಿನೇಳು. ಈಗ ಬಂತು.”

“ಹಚ್ಚು.”

ಗುಂಡಿ ಒತ್ತಿದ. ಸಣ್ಣ ಸ್ಪೀಕರಿನಿಂದ ಗಂಡಸಿನ ದನಿಯೊಂದು ಹೊರಟಿತು. ಅವಸರವಿಲ್ಲದ, ದಣಿವಿಲ್ಲದ ಇಂಗ್ಲಿಷು. ನಡುನಡುವೆ ಕಾಗದ ತಿರುವಿದ ಸರಬರ. ತವನಪ್ಪನವರಿಗೆ ಅರ್ಧಂಬರ್ಧ ತಿಳಿಯಿತು.

“ಕನ್ನಡದಾಗ ಹೇಳು. ಒಂದೂ ಬಿಡಬ್ಯಾಡ.”

ಮಯೂರ ಸ್ಪೀಕರಿಗೆ ಕಿವಿ ಹಚ್ಚಿದ. “ನೂರಾ ಹದಿನೇಳನೇ ರೋಗಿ… ಶನಿವಾರ, ನವೆಂಬರ್ ಆರು, ಮಧ್ಯಾಹ್ನ… ಮಿರಜದಾಗ… ದಮ್ಮು ಬಂದು ತೀರಿಕೊಂಡಾಳ. ಗುಳಿಗಿಗೂ ಸಾವಿಗೂ ಸಂಬಂಧ ಇಲ್ಲ.”

“ಶನಿವಾರ ಅಂದ್ರ ಇವತ್ತ.”

“ಇವತ್ತ.”

“ಸುಳ್ಳು! ಅರ್ಧಾ ತಾಸಿನ ಹಿಂದ ಆಕಿನ್ನ ಗೇಟಿನ ಮುಂದ ಕುಂದರಿಸಿ ಬಂದೇನಿ!”

ಆ ಮಾತು ಬಾಯಿಂದ ಬಿದ್ದ ಮೇಲೆ ಅದರ ಅರ್ಥ ಅವರಿಗೇ ಹೊಳೆಯಿತು. ವರದಿ ಮೊದಲು ಬಂದಿದೆ. ಸಾವು ಇನ್ನೂ ದಾರಿಯಲ್ಲಿದೆ.

ಗೋಡೆಗೆ ತೂಗುಹಾಕಿದ್ದ ಒಳಫೋನಿನತ್ತ ಧಾವಿಸಿದರು. ಡಬ್ಬಿ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಬಾಗಿಲುಗಳನ್ನು ಆಳುವವರು ಈ ಹಳೆಯ ತಂತಿಯನ್ನು ಮರೆತಿರಬೇಕು, ರಿಸೀವರಿನಲ್ಲಿ ಜೀವವಿತ್ತು. ಮಯೂರ ಗೇಟಿನ ನಂಬರು ಒತ್ತಿದ. ಎರಡು ಸಲ ಗಂಟೆಯಾಯಿತು. ಮೂರು. ನಾಲ್ಕು.

“ಹಾಂ, ಗೇಟ್.”

“ಕಲ್ಲಯ್ಯಾ! ಸಾತವ್ವ ಎಲ್ಲ್ಯದಾಳ? ಬೇವಿನ ಗಿಡದ ಕೆಳಗ ನೋಡು, ಲಗೂನ ನೋಡು!”

“ಆಕಿ ಹೋದಳಲ್ಲರಿ. ಈಗ ಐದು ಮಿನಿಟ್ ಆತು.”

“ಎಲ್ಲಿಗೆ?”

“ಕ್ಯಾಂಪಿನ ಬಿಳಿ ಗಾಡಿ ಬಂದಿತ್ತು. ತವನಪ್ಪ ಕಾಕಾ ಒಳಗ ಚಕ್ಕರ ಬಂದು ಬಿದ್ದಾರ, ಹಿಂದಿನ ಗೇಟಿನಿಂದ ದವಾಖಾನಿಗೆ ಒಯ್ದೇವಿ, ನಿನ್ನ ಕರಿಯಾಕತ್ತಾರ ಬಾ ಅಂದ್ರು. ಪಾಪ, ಕೇಳಿದ್ದ ತಡ, ಚಪ್ಪಲಿ ಸೈತ ಮೆಟ್ಟಲಾರದ ಹತ್ತಿದಳು.” ಒಮ್ಮೆಲೇ ಕಲ್ಲಯ್ಯನ ದನಿ ಬದಲಾಯಿತು. “ನೀವು ಯಾರರಿ ಮಾತಾಡೂದು?”

“ನಾನ ತವನಪ್ಪ! ಎರಡನೇ ಮಾಳಿಗಿ, ಮೂಲಿಕೋಲಿಯೊಳಗ—”

ರಿಸೀವರು ಮೂಕವಾಯಿತು. ಅದರ ಬೆನ್ನಿಗೇ, ಹಸಿರು ದೀಪಗಳು ಉರಿಯುತ್ತಿದ್ದ ಹಾಗೇ, ಕಿಟಕಿಯಿಲ್ಲದ ಆ ಕೋಣೆಯ ಎಸಿ ಮಾತ್ರ ನಿಂತಿತು.